ಝೋಲಾನ ‘ಭೂಮಿ’ಯೂ ಲಂಡನ್ನಿನ ಖಟ್ಲೆಯೂ

1888ನೆಯ ಇಸವಿ ಅಕ್ಟೋಬರ್ 31ರಂದು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಒಂದು ವಿಚಿತ್ರವಾದ ಕಾದಂಬರಿ ವಾಚನ ನಡೆಯಿತು. ಓದಿದವನು ಸರಕಾರದ ಪರವಾಗಿ ನಿಂತ ಸಾಲಿಸಿಟರ್ ಜನರಲ್ ಸರ್ ಎಡ್ವರ್ಡ್ ಕ್ಲಾರ್ಕ್. ಕೇಳಿದವರು ಜ್ಯೂರಿಗಳು. ಆರೋಪಿಯ ಸ್ಥಾನದಲ್ಲಿದ್ದವನು ಅರವತ್ತೆಂಟು ವರ್ಷದ ಮುದುಕ, ಹೆನ್ರಿ ವಿಝಟೆಲಿ ಎಂಬ ಪುಸ್ತಕ ಪ್ರಕಾಶಕ. ಕಳವು ಮಾಡಿದವನಲ್ಲ, ಕೊಲೆ ಮಾಡಿದವನಲ್ಲ; ಎಮಿಲ್ ಝೋಲಾನ ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಮಾರಿದ್ದೇ ಅವನ ಅಪರಾಧ. ಕ್ಲಾರ್ಕ್ ಆಯ್ದ ಭಾಗಗಳನ್ನು ಓದುತ್ತ ಹೋದಂತೆ ಜ್ಯೂರಿಗಳಿಗೆ ತಡೆಯಲಾಗಲಿಲ್ಲ. ಇದನ್ನೆಲ್ಲ ನಾವು ಕೇಳಲೇಬೇಕೆ ಎಂದು ಅವರು ತಕರಾರೆತ್ತಿದರು. ವಾಚನ ನಿಂತಿತು. ಸಭೆಯ ರಂಗು ನೋಡಿದ ವಿಝಟೆಲಿಯ ವಕೀಲರು ವಾದ ಹೂಡುವ ಗೊಡವೆಗೇ ಹೋಗದೆ ತಪ್ಪೊಪ್ಪಿಕೊಳ್ಳುವ ದಾರಿ ಹಿಡಿದರು. 100 ಪೌಂಡು ದಂಡ, ಒಂದು ವರ್ಷ ಸನ್ನಡತೆಯಿಂದಿರುವೆನೆಂದು ಮುಚ್ಚಳಿಕೆ. ಖಟ್ಲೆ ಮುಗಿಯಿತು.

ಖಟ್ಲೆ ಮುಗಿಯಿತೇ ಹೊರತು ಅದರ ಫಲ ಮುಗಿಯಲಿಲ್ಲ. ಲಂಡನ್ನಿನ ಆ ತೀರ್ಪು ಕನ್ನಡದ ಓದುಗರಾದ ನಮ್ಮ ಕೈಗೆ ಬಂದ ಫ್ರೆಂಚ್ ಸಾಹಿತ್ಯವನ್ನೂ ಮುಟ್ಟಿದೆ. ಆದ್ದರಿಂದ ಇದು ಪರದೇಶದ ಹಳೆಯ ಸುದ್ದಿಯೆಂದು ಬದಿಗಿಡುವ ಸಂಗತಿಯಲ್ಲ.

ಆ ದಿನ ಆರೋಪಪಟ್ಟಿಯಲ್ಲಿ ಮೂರು ಪುಸ್ತಕಗಳಿದ್ದುವು: ‘ನಾನಾ’, ‘ಪೋ-ಬುಯ್’, ‘ಲಾ ತೆರ್’. ಮೊದಲನೆಯದು ವೇಶ್ಯೆಯೊಬ್ಬಳ ಕತೆ. ಎರಡನೆಯದು ಪ್ಯಾರಿಸ್ಸಿನ ಮಧ್ಯಮವರ್ಗದವರು ವಾಸಿಸುವ ಒಂದು ದೊಡ್ಡ ಮನೆಯ ಒಳಗಿನ ಕೊಳಕು. ಇವುಗಳಿಗೆ ಮಡಿವಂತರು ಮೂಗು ಮುರಿದದ್ದು ಆಶ್ಚರ್ಯವಲ್ಲ. ಆದರೆ ಜ್ಯೂರಿಗಳನ್ನು ಬೆಚ್ಚಿಬೀಳಿಸಿದ್ದು ಮೂರನೆಯದು. ‘ಲಾ ತೆರ್’ ಎಂದರೆ ‘ಭೂಮಿ’. ಇಂಗ್ಲಿಷಿನಲ್ಲಿ ವಿಝಟೆಲಿ ಅದಕ್ಕೆ ‘ದಿ ಸಾಯಿಲ್’ ಎಂದು ಹೆಸರಿಟ್ಟಿದ್ದ. ಫ್ರಾನ್ಸಿನ ಬೋಸ್ ಎಂಬ ಗೋದಿಯ ಬಯಲುಸೀಮೆಯ ಒಕ್ಕಲಿಗರನ್ನು ಕುರಿತ ಕಾದಂಬರಿ ಅದು.

ಕತೆಯ ಮೊದಲ ಅಧ್ಯಾಯವನ್ನು ನೋಡೋಣ. ಝಾಂ ಎಂಬ ಆಳು ಹೊಲದಲ್ಲಿ ಬೀಜ ಚೆಲ್ಲುತ್ತಿದ್ದಾನೆ. ನಮ್ಮಲ್ಲಿಯಂತೆ ಕೂರಿಗೆಯಿಲ್ಲ, ಮಡಿಲಿನಿಂದ ಹಿಡಿ ಹಿಡಿಯಾಗಿ ತೆಗೆದು ಬೀಸಿ ಚೆಲ್ಲುವ ಪದ್ಧತಿ. ಅಷ್ಟರಲ್ಲಿ ಫ್ರಾಂಸ್ವಾಜ್ ಎಂಬ ಹುಡುಗಿ ಬೆದೆಗೆ ಬಂದ ಆಕಳೊಂದನ್ನು ಹಗ್ಗ ಹಿಡಿದು ತರುತ್ತಾಳೆ. ಆಕಳು ಅವಳನ್ನು ಎಳೆದಾಡುತ್ತದೆ. ಇಬ್ಬರೂ ಸೇರಿ ಅದನ್ನು ದೊಡ್ಡ ಹೊಲಮನೆಗೆ ಹೊಡೆದುಕೊಂಡು ಹೋಗಿ ಹೋರಿಗೆ ಬಿಡಿಸುತ್ತಾರೆ. ಹುಡುಗಿ ಯಾವ ಸಂಕೋಚವೂ ಇಲ್ಲದೆ, ಮನೆಗೆಲಸವೊಂದನ್ನು ಮಾಡುವವಳಂತೆ, ಆ ಕೆಲಸಕ್ಕೆ ಕೈಗೂಡಿಸುತ್ತಾಳೆ. ಇಂಗ್ಲೆಂಡಿನ ನೀತಿಗೆ ಧಕ್ಕೆ ತಂದ ಪ್ರಕರಣಗಳಲ್ಲಿ ಇದೂ ಒಂದು!

ಸಿಂದಗಿ ತಾಲೂಕಿನ ಯಂಕಂಚಿಯಂಥ ಊರಿನ ಒಕ್ಕಲುಮಗನೊಬ್ಬನಿಗೆ ಈ ಅಧ್ಯಾಯವನ್ನು ಕನ್ನಡದಲ್ಲಿ ಓದಿ ಹೇಳಿದೆವೆಂದು ಭಾವಿಸಿಕೊಳ್ಳಿ. ಅವನು ನಾಚುವುದಿಲ್ಲ, ಆಕಳು ಎಷ್ಟನೆಯ ಸೂಲಿನದು, ಹೋರಿ ಯಾವ ತಳಿಯದು ಎಂದು ಕೇಳಿಯಾನು. ಮುಂದಿನ ಕತೆಯನ್ನಂತೂ ಅವನೇ ಹೇಳಿಯಾನು. ಮುಪ್ಪಿನ ಫುವಾನ್ ತನ್ನಿಂದ ದುಡಿಮೆ ಸಾಗದೆಂದು ಹೊಲವನ್ನು ಇಬ್ಬರು ಗಂಡುಮಕ್ಕಳಿಗೂ ಮಗಳಿಗೂ ವಾಟಣಿ ಮಾಡಿಕೊಡುತ್ತಾನೆ. ಬಳಿಕ ಅವನು ಮನೆಯಿಂದ ಮನೆಗೆ ಅಲೆಯಬೇಕಾಗುತ್ತದೆ. ಕೊಡುತ್ತೇವೆಂದ ಹಣವನ್ನು ಯಾರೂ ಸರಿಯಾಗಿ ಕೊಡುವುದಿಲ್ಲ. ಒಂದೊಂದು ತುತ್ತಿಗೂ ಲೆಕ್ಕ. ಕೊನೆಗೆ ಮಗನೂ ಸೊಸೆಯೂ ಸೇರಿ ಅವನ ಉಸಿರು ಕಟ್ಟಿಸಿ ಕೊಂದು ಸುಟ್ಟುಬಿಡುತ್ತಾರೆ. ಷೇಕ್ಸ್‌ಪಿಯರನ ಲಿಯರ್ ದೊರೆಯ ಕತೆಯನ್ನು ಝೋಲಾ ಒಕ್ಕಲಿಗನ ಅಂಗಳಕ್ಕೆ ಇಳಿಸಿದ್ದಾನೆ. ಆದರೆ ಲಿಯರನಿಗಿದ್ದ ಕಾರ್ಡೀಲಿಯಳಂಥ ಮಗಳು ಇಲ್ಲಿ ಇಲ್ಲ. ಗಿಡಮರಗಳಿಲ್ಲದ ಸಪಾಟು ಬಯಲು, ಮುಗಿಲಿಗೆ ಮುಖ ಮಾಡಿದ ಬೆಳೆ, ಗೇಣು ಭೂಮಿಗಾಗಿ ಅಣ್ಣತಮ್ಮಂದಿರ ಹಗೆ: ಗೋದಿಯಿದ್ದಲ್ಲಿ ಬಿಳಿಜೋಳವನ್ನು ಇಟ್ಟರೆ ಸಾಕು, ಡೋಣಿ ಸಾಲಿನ ಎರೆಯ ಹೊಲಗಳಲ್ಲಿ ನಿಂತು ಓದಬಹುದಾದ ಕಾದಂಬರಿ ಇದು.

ಹಾಗೆಂದು ‘ಭೂಮಿ’ ದೋಷವಿಲ್ಲದ ಕೃತಿಯೇನಲ್ಲ. ಝೋಲಾನಿಗೆ ಒಂದು ಚಟ: ಕಂಡದ್ದನ್ನೆಲ್ಲ ಗುಡ್ಡೆ ಹಾಕುವುದು. ಒಂದು ಊರಿನಲ್ಲಿ ಐವತ್ತು ವರ್ಷಗಳಲ್ಲಿ ನಡೆಯಬಹುದಾದ ಪಾಪಗಳನ್ನೆಲ್ಲ ಅವನು ಕೆಲವೇ ವರ್ಷಗಳಲ್ಲಿ ನಡೆಯಿಸುತ್ತಾನೆ. ತಂಗಿಯ ಮೇಲೆ ತನ್ನ ಗಂಡನೇ ಬಲಾತ್ಕಾರ ಮಾಡುವಾಗ ಅಕ್ಕ ನೆರವಾಗುವ ಪ್ರಕರಣ ಓದುಗನ ನಂಬಿಕೆಯನ್ನು ಹರಿಯುವಷ್ಟು ಎಳೆಯುತ್ತದೆ. ಪುಸ್ತಕ 1887ರಲ್ಲಿ ಹೊರಬಂದಾಗ ಫ್ರಾನ್ಸಿನಲ್ಲಿಯೇ ದೊಡ್ಡ ಗದ್ದಲವಾಯಿತು. ಐವರು ತರುಣ ಲೇಖಕರು ‘ಫಿಗಾರೊ’ ಪತ್ರಿಕೆಯಲ್ಲಿ ಪ್ರತಿಭಟನೆಯ ಹೇಳಿಕೆ ಹೊರಡಿಸಿದರು. ಅನಾತೋಲ್ ಫ್ರಾನ್ಸನಂಥ ರಸಜ್ಞನೂ ಕಟುವಾಗಿ ಬರೆದ. ಆದರೆ ಅದು ವಿಮರ್ಶೆ. ಲೇಖಕನ ಮೇಲೆ ಲೇಖಕರು ಮಾಡಿದ ಜಗಳ. ಇಂಗ್ಲೆಂಡಿನಲ್ಲಿ ವಿಮರ್ಶಕನ ಕೆಲಸವನ್ನು ಪೋಲೀಸರು ಮಾಡಿದರು.

ಫ್ರಾನ್ಸನ್ನು ಬಹಳ ಹೊಗಳುವುದೂ ಬೇಡ. 1857ರಲ್ಲಿ ‘ಮದಾಂ ಬೊವಾರಿ’ಗಾಗಿ ಫ್ಲೋಬೇರನನ್ನು ಅಲ್ಲಿಯೂ ನ್ಯಾಯಾಲಯಕ್ಕೆ ಎಳೆದಿದ್ದರು. ಅವನು ಬಿಡುಗಡೆಯಾದ. ಅದೇ ವರ್ಷ, ಅದೇ ಸರಕಾರಿ ವಕೀಲ ಪಿನಾರ್ ಕವಿ ಬೋದಲೇರನ ಮೇಲೆ ಹೂಡಿದ ಖಟ್ಲೆಯಲ್ಲಿ ಆರು ಕವಿತೆಗಳನ್ನು ಕಿತ್ತುಹಾಕುವಂತೆ ತೀರ್ಪಾಯಿತು. ಆ ತೀರ್ಪು ರದ್ದಾದದ್ದು 1949ರಲ್ಲಿ. ಆದರೂ ಎರಡು ದೇಶಗಳ ನಡುವೆ ಒಂದು ಭೇದವುಂಟು. ಫ್ರಾನ್ಸಿನಲ್ಲಿ ಬರೆದವನನ್ನು ಹಿಡಿದರು. ವಿಝಟೆಲಿಯ ಪ್ರಕರಣದಲ್ಲಿ ಹಿಡಿದದ್ದು ಅನುವಾದವನ್ನು ಮಾರಿದವನನ್ನು. ಈ ಭೇದದಲ್ಲಿಯೇ ವಿಕ್ಟೋರಿಯಾ ಕಾಲದ ಸಮಾಜದ ಮರ್ಮ ಅಡಗಿದೆ.

ಆ ಸಮಾಜದಲ್ಲಿ ಕಾದಂಬರಿ ಓದುಗನ ಕೈಗೆ ಬರುತ್ತಿದ್ದ ದಾರಿಯನ್ನು ತಿಳಿಯಬೇಕು. ಹೊಸ ಕಾದಂಬರಿ ಮೂರು ಸಂಪುಟಗಳಲ್ಲಿ ಅಚ್ಚಾಗುತ್ತಿತ್ತು; ಬೆಲೆ ಮೂವತ್ತೊಂದೂವರೆ ಶಿಲಿಂಗು. ಕೊಂಡು ಓದುವವರು ವಿರಳ. ಆದ್ದರಿಂದ ಚಾರ್ಲ್ಸ್ ಮ್ಯೂಡಿಯಂಥವರ ಬಾಡಿಗೆ ಪುಸ್ತಕಾಲಯಗಳು ಬೆಳೆದವು. ವರ್ಷಕ್ಕೆ ಒಂದು ಗಿನಿ ಚಂದಾ ಕೊಟ್ಟರೆ ಮನೆಮಂದಿಯೆಲ್ಲ ಓದಬಹುದು. ಮನೆಮಂದಿಯೆಲ್ಲ ಓದುವ ಪುಸ್ತಕವೆಂದರೆ ಹದಿನಾರರ ಹುಡುಗಿಯೂ ಓದತಕ್ಕದ್ದಾಗಿರಬೇಕಲ್ಲ! ಮ್ಯೂಡಿಗೆ ಹಿಡಿಸದ ಪುಸ್ತಕ ಕಪಾಟಿಗೆ ಏರುತ್ತಿರಲಿಲ್ಲ. ಕಪಾಟಿಗೆ ಏರದ ಪುಸ್ತಕ ಹುಟ್ಟಿಯೂ ಸತ್ತಂತೆ. ಯಾವ ಸರಕಾರದ ಆಜ್ಞೆಯೂ ಇಲ್ಲದೆ ಒಬ್ಬ ವ್ಯಾಪಾರಿ ಒಂದು ರಾಷ್ಟ್ರದ ಕಾದಂಬರಿಯ ಸೆರಗನ್ನು ಸರಿಪಡಿಸುತ್ತಿದ್ದ. ಹುಡುಗಿಯ ಕೆನ್ನೆ ಕೆಂಪಾಗುವುದೇ ಸಾಹಿತ್ಯದ ಅಳತೆಗೋಲು ಎಂಬ ಈ ನಿಲುವನ್ನು ಡಿಕನ್ಸನು ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಪಾಡ್‌ಸ್ನಾಪ್ ಪಾತ್ರದಲ್ಲಿ ಮೊದಲೇ ಗೇಲಿ ಮಾಡಿದ್ದ. ಗೇಲಿಗೆ ನಕ್ಕವರೂ ಮ್ಯೂಡಿಯ ಚಂದಾದಾರರೇ ಆಗಿದ್ದರೆಂಬುದು ಬೇರೆ ಮಾತು.

ವಿಝಟೆಲಿ ಈ ಕಟ್ಟೆಯನ್ನು ಒಡೆಯಹೊರಟವನು. ಮೊದಲು ಚಿತ್ರದ ಅಚ್ಚು ಕೊರೆಯುವ ಕಸಬು, ಬಳಿಕ ಪತ್ರಿಕೋದ್ಯೋಗ. 1870ರಲ್ಲಿ ಪ್ಯಾರಿಸ್ಸಿಗೆ ಮುತ್ತಿಗೆ ಬಿದ್ದಾಗ ಅಲ್ಲಿದ್ದು ವರದಿ ಕಳಿಸಿದವನು. ಪ್ರಕಾಶಕನಾದ ಮೇಲೆ ಒಂದೇ ಸಂಪುಟದಲ್ಲಿ, ಆರು ಶಿಲಿಂಗಿಗೂ ಅದಕ್ಕಿಂತ ಕಡಿಮೆಗೂ, ನೇರವಾಗಿ ಓದುಗನಿಗೆ ಪುಸ್ತಕ ಮಾರಿದ. ಮ್ಯೂಡಿಯನ್ನು ದಾದಿಗೆ ಹೋಲಿಸಿ ಜಾರ್ಜ್ ಮೂರ್ 1885ರಲ್ಲಿ ಬರೆದ ಕಿರುಹೊತ್ತಗೆಯನ್ನು ಅಚ್ಚು ಹಾಕಿದವನೂ ಇವನೇ. ಅವನ ಪಟ್ಟಿಯನ್ನು ನೋಡಿದರೆ ಬರಿಯ ಕಾಸಿನ ಆಸೆಯವನೆಂದು ಹೇಳಲಾಗದು. ದಾಸ್ತೋಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟವನು ಅವನು. ಕಾರ್ಲ್ ಮಾರ್ಕ್ಸನ ಮಗಳು ಎಲಿನರ್ ಮಾರ್ಕ್ಸ್ ಮಾಡಿದ ‘ಮದಾಂ ಬೊವಾರಿ’ಯ ಅನುವಾದವನ್ನು 1886ರಲ್ಲಿ ಪ್ರಕಟಿಸಿದವನೂ ಅವನು. ಝೋಲಾನ ಅನುವಾದಗಳ ಗುಣ ಮಾತ್ರ ಅಷ್ಟಕ್ಕಷ್ಟೆ. ಹೆಚ್ಚಿನವುಗಳ ಮೇಲೆ ಅನುವಾದಕನ ಹೆಸರೂ ಇಲ್ಲ. ಅವಸರದಿಂದ ಮಾಡಿಸಿದವು; ಮೂಲದ ಒರಟು ಮಾತನ್ನು ಆಗಲೇ ಸಾಕಷ್ಟು ಮೆದು ಮಾಡಿದವು. ಅಂಥ ಮೆದುವಾದ ಝೋಲಾನನ್ನೇ ಜ್ಯೂರಿಗಳು ಕೇಳಲಾರದೆ ಹೋದದ್ದು.

1885ರಲ್ಲಿ ‘ರಾಷ್ಟ್ರೀಯ ಜಾಗರೂಕತಾ ಸಂಘ’ ಎಂಬರ್ಥದ ಹೆಸರಿನ ಒಂದು ಸಂಸ್ಥೆ ಲಂಡನ್ನಿನಲ್ಲಿ ಹುಟ್ಟಿತು. ಎಳೆಯ ಹುಡುಗಿಯರನ್ನು ಮಾರುವ ಹೀನ ವ್ಯವಹಾರವನ್ನು ನಿಲ್ಲಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಎದ್ದ ಚಳವಳಿಯ ಫಲ ಅದು. ಆದರೆ ಹುಡುಗಿಯರನ್ನು ಮಾರುವವರನ್ನು ಹಿಡಿಯುವುದಕ್ಕಿಂತ ಪುಸ್ತಕ ಮಾರುವವನನ್ನು ಹಿಡಿಯುವುದು ಸುಲಭವೆಂದು ಸಂಘಕ್ಕೆ ಬೇಗನೆ ಮನವರಿಕೆಯಾಯಿತೆಂದು ತೋರುತ್ತದೆ. 1888ರ ಮೇ 8ರಂದು ಫ್ಲಿಂಟ್‌ಷೈರಿನ ಪ್ರತಿನಿಧಿ ಸ್ಯಾಮ್ಯುಅಲ್ ಸ್ಮಿತ್ ಪಾರ್ಲಿಮೆಂಟಿನಲ್ಲಿ ನೀತಿಗೆಡಿಸುವ ಸಾಹಿತ್ಯದ ಹಾವಳಿಯನ್ನು ಕುರಿತು ಗೊತ್ತುವಳಿ ತಂದ. ವಿಝಟೆಲಿಯ ಹೆಸರೆತ್ತಿ ದೂರಿದ. ಮೂರು ತಿಂಗಳಲ್ಲಿ ಬೌ ಸ್ಟ್ರೀಟಿನ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದಾಯಿತು. ಸಂಘದ ಪರವಾಗಿ ಅಲ್ಲಿ ವಾದಿಸಿದ ತರುಣ ವಕೀಲ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್.

ಈಗ ಮರ್ಮದ ಮಾತಿಗೆ ಬರೋಣ. ಝೋಲಾನ ಫ್ರೆಂಚ್ ಮೂಲಗಳು ಆಗ ಲಂಡನ್ನಿನ ಅಂಗಡಿಗಳಲ್ಲಿ ಸಿಗುತ್ತಿದ್ದುವು. ಫ್ರೆಂಚ್ ಬಲ್ಲ ಶ್ರೀಮಂತನು ‘ಲಾ ತೆರ್’ ಓದಿದರೆ ಅವನ ಶೀಲಕ್ಕೇನೂ ಅಪಾಯವಿಲ್ಲ. ಗುಮಾಸ್ತನೋ ಮನೆಗೆಲಸದವಳೋ ‘ದಿ ಸಾಯಿಲ್’ ಓದಿದರೆ ದೇಶ ಹಾಳಾಗುತ್ತದೆ! ಪುಸ್ತಕ ಒಂದೇ. ಅಪರಾಧವಿದ್ದದ್ದು ಪುಸ್ತಕದಲ್ಲಲ್ಲ, ಓದುಗನ ವರ್ಗದಲ್ಲಿ. ಕಾಯಿದೆಯೇ ಹಾಗೆ ಹೇಳುತ್ತಿತ್ತು. 1868ರಲ್ಲಿ ಹಿಕ್ಲಿನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಹಾಕಿಕೊಟ್ಟ ಒರೆಗಲ್ಲಿನ ತಿರುಳು ಇಷ್ಟು: ಕೆಡುವ ಸ್ವಭಾವದವರ ಕೈಗೆ ಪುಸ್ತಕ ಬೀಳುವಂತಿದ್ದು, ಅದರಿಂದ ಅವರು ಕೆಡುವ ಸಂಭವವಿದ್ದರೆ ಅದು ಅಶ್ಲೀಲ. ಅಂದಮೇಲೆ ಬೆಲೆ ಕಡಿಮೆಯಾದಷ್ಟೂ ಅಶ್ಲೀಲತೆ ಹೆಚ್ಚು! 1857ರ ಕಾನೂನನ್ನು ತಂದ ಲಾರ್ಡ್ ಕ್ಯಾಂಬೆಲ್ ಅದರ ಚರ್ಚೆಯ ಕಾಲದಲ್ಲಿ ಕಿರಿಯ ದ್ಯೂಮಾನ ‘ಕೆಮೀಲಿಯಾ ಹೂಗಳ ಮಹಿಳೆ’ಯ ಪ್ರತಿಯೊಂದನ್ನು ಪ್ರಭುಗಳ ಸಭೆಗೆ ತಂದು, ಇಂಥ ಪುಸ್ತಕ ತನಗೆ ಹಿಡಿಸದಿದ್ದರೂ ಅದನ್ನು ಕಾನೂನಿನಿಂದ ಹಿಡಿಯುವ ಉದ್ದೇಶವಿಲ್ಲವೆಂದು ಹೇಳಿದ್ದ. ಆ ಕತೆಯದೇ ನಾಟಕಕ್ಕೆ ಲಂಡನ್ನಿನಲ್ಲಿ ಪರವಾನಿಗೆ ಸಿಗಲಿಲ್ಲ. ಅದೇ ಕತೆಯನ್ನು ವೆರ್ದಿ ‘ಲಾ ತ್ರಾವಿಯಾತಾ’ ಎಂಬ ಗೀತನಾಟಕ ಮಾಡಿದಾಗ 1856ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಹಾಡಲು ಅಡ್ಡಿಯಾಗಲಿಲ್ಲ. ತಿಳಿಯದ ಭಾಷೆಯಲ್ಲಿ ಹಾಡಿದರೆ ಪಾಪವೂ ಸಂಗೀತವಾಗುತ್ತದೆ.

ಇನ್ನೊಂದು ನಿದರ್ಶನ. ವಿಝಟೆಲಿ ಸೆರೆಗೆ ಹೋಗಿ ಬಂದ ಐದಾರು ವರ್ಷಗಳಲ್ಲಿ, 1894-95ರಲ್ಲಿ, ಲುಟೀಷಿಯನ್ ಸೊಸೈಟಿ ಎಂಬ ಹೆಸರಿನಲ್ಲಿ ಝೋಲಾನ ಆರು ಕಾದಂಬರಿಗಳು ಒಂದಕ್ಷರವನ್ನೂ ಕತ್ತರಿಸದೆ ಇಂಗ್ಲಿಷಿನಲ್ಲಿ ಹೊರಬಂದುವು. ಅನುವಾದಿಸಿದವರು ಸಾಮಾನ್ಯರಲ್ಲ: ‘ಝೆರ್ಮಿನಾಲ್’ ಹ್ಯಾವ್‌ಲಾಕ್ ಎಲ್ಲಿಸನದು, ‘ಲಾ ತೆರ್’ ಕವಿ ಅರ್ನೆಸ್ಟ್ ಡೌಸನನದು, ‘ಲಾಸೊಮ್ವಾರ್’ ಆರ್ಥರ್ ಸೈಮನ್ಸನದು. ಯಾರ ಮೇಲೂ ಖಟ್ಲೆಯಾಗಲಿಲ್ಲ. ಕಾರಣ ಸರಳ. ಅವು ಚಂದಾದಾರರಿಗೆ ಮಾತ್ರ, ಕೆಲವೇ ನೂರು ಪ್ರತಿಗಳು, ದುಬಾರಿ ಬೆಲೆ.

ಪ್ರಕಾಶಕ ತನ್ನನ್ನು ಸಮರ್ಥಿಸಿಕೊಳ್ಳಲು ಮಾಡಿದ ಯತ್ನವೂ ಗಮನಾರ್ಹ. ಖಟ್ಲೆಗೆ ಮುಂಚೆ ವಿಝಟೆಲಿ ಇಂಗ್ಲಿಷಿನ ಮಹಾಕೃತಿಗಳಿಂದಲೇ ಶೃಂಗಾರದ, ಒರಟಿನ ಭಾಗಗಳನ್ನು ಆಯ್ದು ಒಂದು ಸಂಕಲನ ಮಾಡಿ ಸರಕಾರದ ವಕೀಲರಿಗೆ ಕಳಿಸಿದ. ಝೋಲಾನನ್ನು ನಿಷೇಧಿಸಿದರೆ ಇವರನ್ನೆಲ್ಲ ಏನು ಮಾಡುತ್ತೀರಿ ಎಂಬುದು ಅವನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆದರೆ ಷೇಕ್ಸ್‌ಪಿಯರನನ್ನೇ ಮನೆಮಂದಿಗಾಗಿ ಸೋಸಿ ಅಚ್ಚು ಹಾಕಿದ ಬೌಡ್ಲರನ ನಾಡಿನಲ್ಲಿ ಅದು ನಾಟುವ ಹಾಗಿರಲಿಲ್ಲ.

ದಂಡ ಕೊಟ್ಟ ಮೇಲೆ ವಿಝಟೆಲಿ ‘ದಿ ಸಾಯಿಲ್’ ಮೊದಲಾದವುಗಳನ್ನು ಹಿಂತೆಗೆದುಕೊಂಡು, ಉಳಿದ ಝೋಲಾ ಕಾದಂಬರಿಗಳನ್ನು ಸೋಸಿ ಮಾರಲು ಹೊರಟ. ಸೋಸುವ ಕೆಲಸ ಮಗ ಅರ್ನೆಸ್ಟನ ಪಾಲಿಗೆ ಬಂತು. 300ಕ್ಕೂ ಹೆಚ್ಚು ಪುಟಗಳಲ್ಲಿ ಅವನು ಅಳಿಸಿದ, ತಿದ್ದಿದ. ಸಂಘಕ್ಕೆ ಅದೂ ಸಾಲಲಿಲ್ಲ. 1889ರ ಮೇ ತಿಂಗಳ ಕೊನೆಗೆ ಮತ್ತೆ ಖಟ್ಲೆ. ಈ ಸಲ ಝೋಲಾನ ಜೊತೆಗೆ ಮೊಪಾಸಾ, ಬೂರ್ಝೆ ಇವರ ಕೃತಿಗಳೂ ಸೇರಿದ್ದುವು. ಮೂರು ತಿಂಗಳ ಸೆರೆಮನೆ. ಲೇಖಕರು ಕೂಡಿ ಬಿಡುಗಡೆಗಾಗಿ ಮನವಿ ಸಲ್ಲಿಸಿದರೂ ಪ್ರಯೋಜನವಾಗಲಿಲ್ಲ. ಅಂಗಡಿ ಮುರಿಯಿತು. 1894ರ ಮೊದಲ ದಿನ ವಿಝಟೆಲಿ ತೀರಿಕೊಂಡ. ಅದಕ್ಕೆ ಕೆಲವೇ ತಿಂಗಳು ಮುಂಚೆ, 1893ರ ಸೆಪ್ಟೆಂಬರಿನಲ್ಲಿ, ಝೋಲಾ ಲಂಡನ್ನಿಗೆ ಅತಿಥಿಯಾಗಿ ಬಂದಿದ್ದ. ನಗರದ ಲಾರ್ಡ್ ಮೇಯರು ಗಿಲ್ಡ್‌ಹಾಲಿನಲ್ಲಿ ಅವನನ್ನು ಸತ್ಕರಿಸಿದ. ಬರೆದವನಿಗೆ ಔತಣ, ಮಾರಿದವನಿಗೆ ಸೆರೆಮನೆ. ಇದಕ್ಕೆ ಟೀಕೆ ಬೇಕೆ?

ಅಪ್ಪನ ಗತಿಯನ್ನು ಕಂಡ ಅರ್ನೆಸ್ಟ್ ವಿಝಟೆಲಿ ಮುಂದಿನ ವರ್ಷಗಳಲ್ಲಿ ಚಾಟೋ ಮತ್ತು ವಿಂಡಸ್ ಸಂಸ್ಥೆಗಾಗಿ ಝೋಲಾನ ಕಾದಂಬರಿಗಳನ್ನು ಅನುವಾದಿಸಿ, ಸಂಪಾದಿಸಿ ಕೊಟ್ಟ. ಕೈಯಲ್ಲಿ ಕತ್ತರಿ ಹಿಡಿದೇ ಕುಳಿತಿದ್ದ. ಅವನನ್ನು ದೂಷಿಸಲು ಮನಸ್ಸು ಬಾರದು. ದ್ರೇಫಸ್ ಪ್ರಕರಣದಲ್ಲಿ ಝೋಲಾ ದೇಶ ಬಿಟ್ಟು 1898ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವನನ್ನು ಬಚ್ಚಿಟ್ಟು ಕಾಪಾಡಿದವನೂ ಇದೇ ಅರ್ನೆಸ್ಟ್. ಆದರೆ ಅವನ ಕೈಯ ಝೋಲಾ ಇಪ್ಪತ್ತನೆಯ ಶತಮಾನದ ಮಧ್ಯದ ತನಕ ಇಂಗ್ಲಿಷ್ ಬಲ್ಲ ಜಗತ್ತಿನ ಝೋಲಾ ಆಗಿ ಉಳಿದ. ಇಂಗ್ಲಿಷ್ ಬಲ್ಲ ಜಗತ್ತಿನಲ್ಲಿ ಮುಂಬಯಿ, ಧಾರವಾಡ, ಮೈಸೂರುಗಳೂ ಸೇರಿದ್ದುವು.

ಇಲ್ಲಿ ನಮ್ಮ ಮನೆಯ ಮಾತು. ಕನ್ನಡ ಕಾದಂಬರಿಯ ಬಾಲ್ಯದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದರು, ಗಳಗನಾಥರು ಮರಾಠಿಯಿಂದ ತಂದರು. ಆ ಎರಡು ಭಾಷೆಗಳೂ ನಮಗೆ ನೆರೆಮನೆ. ಫ್ರೆಂಚು ಹಾಗಲ್ಲ, ಅದು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದಲೇ ಬರಬೇಕಾಯಿತು. ಪ್ರಗತಿಶೀಲ ಚಳವಳಿಯ ದಿನಗಳಲ್ಲಿ ಗೋರ್ಕಿಯ ಜೊತೆಗೆ ಝೋಲಾ, ಮೊಪಾಸಾ ಇವರ ಹೆಸರುಗಳು ನಮ್ಮ ಲೇಖಕರ ಬಾಯಲ್ಲಿ ಮಂತ್ರದಂತೆ ಆಡುತ್ತಿದ್ದುವು. ಝೋಲಾನಂತೆ ಧೈರ್ಯವಾಗಿ ಬರೆಯಬೇಕು ಎಂದು ಒಬ್ಬರು, ಝೋಲಾನ ಕೊಳಚೆ ನಮಗೆ ಬೇಡ ಎಂದು ಇನ್ನೊಬ್ಬರು. ಇಬ್ಬರೂ ಜಗಳವಾಡುತ್ತಿದ್ದದ್ದು ಬಹುಪಾಲು ಅರ್ನೆಸ್ಟನು ಸೋಸಿದ ಝೋಲಾನನ್ನು ಹಿಡಿದು ಎಂಬುದನ್ನು ನೆನೆದರೆ ನಗು ಬರುತ್ತದೆ. ಮೊಪಾಸಾನ ಗತಿ ಇದಕ್ಕಿಂತ ವಿನೋದದ್ದು. ಅವನ ಸಮಗ್ರ ಕತೆಗಳೆಂದು ಅಮೆರಿಕದಿಂದ 1903ರಲ್ಲಿ ಹೊರಟ ಇಂಗ್ಲಿಷ್ ಸಂಪುಟಗಳಲ್ಲಿ 65 ಕತೆಗಳು ಅವನವೇ ಅಲ್ಲವೆಂದು ಫ್ರಾನ್ಸಿಸ್ ಸ್ಟೀಗ್‌ಮುಲ್ಲರ್ 1949ರಲ್ಲಿ ತೋರಿಸಿಕೊಟ್ಟ. ಮಡಿವಂತರು ಇದ್ದದ್ದನ್ನು ಕಿತ್ತರು, ವ್ಯಾಪಾರಿಗಳು ಇಲ್ಲದ್ದನ್ನು ಸೇರಿಸಿದರು!

ಕಾನೂನಿನ ಮಟ್ಟಿಗಂತೂ ಇಂಗ್ಲೆಂಡಿಗಿಂತ ನಾವೇ ಮುಂದು. ಲಾರ್ಡ್ ಕ್ಯಾಂಬೆಲನ ಶಾಸನಕ್ಕೆ ಒಂದು ವರ್ಷ ಮೊದಲೇ, 1856ರಲ್ಲಿ, ಕಂಪನಿ ಸರಕಾರ ಅಶ್ಲೀಲ ಪುಸ್ತಕ, ಚಿತ್ರಗಳ ಮಾರಾಟವನ್ನು ತಡೆಯುವ ಕಾಯಿದೆಯನ್ನು ಇಲ್ಲಿ ತಂದಿತ್ತು. ಗುಡಿಗಳ ಮೇಲಿನ, ತೇರುಗಳ ಮೇಲಿನ ಶಿಲ್ಪಕ್ಕೆ ಮಾತ್ರ ಅದರಿಂದ ವಿನಾಯಿತಿ. ಕಲ್ಲಿಗೆ ಒಂದು ನ್ಯಾಯ, ಕಾಗದಕ್ಕೆ ಒಂದು ನ್ಯಾಯ. 1860ರ ದಂಡಸಂಹಿತೆಯ 292ನೆಯ ಕಲಮಿನೊಳಗೆ ಅದು ನೆಲೆಯೂರಿತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ವಿಜಾಪುರ ಸೀಮೆಗೂ ಅದೇ ಕಾನೂನು. ಇಂಗ್ಲೆಂಡು 1959ರಲ್ಲಿ ಹೊಸ ಶಾಸನ ಮಾಡಿ, ಮರುವರ್ಷ ಲಾರೆನ್ಸನ ‘ಲೇಡಿ ಚಾಟರ್ಲಿ’ಯನ್ನು ಬಿಡುಗಡೆ ಮಾಡಿತು. ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಅದೇ ಪುಸ್ತಕವನ್ನು ಮಾರಿದ ಮುಂಬಯಿಯ ಅಂಗಡಿಕಾರ ರಂಜಿತ್ ಉದೇಶಿಯ ಶಿಕ್ಷೆಯನ್ನು ಹಿಕ್ಲಿನ್ ಒರೆಗಲ್ಲಿನ ಮೇಲೆಯೇ ಎತ್ತಿಹಿಡಿಯಿತು. ವಿಕ್ಟೋರಿಯಾ ರಾಣಿಯ ಕಾಲದ ಆ ಕಲ್ಲನ್ನು ಕೋರ್ಟು ಕೆಳಗಿಟ್ಟದ್ದು 2014ರಲ್ಲಿ. ದಂಡಸಂಹಿತೆಯ ಜಾಗದಲ್ಲಿ 2024ರಿಂದ ನ್ಯಾಯಸಂಹಿತೆ ಬಂದಿದೆ; 292 ಎಂಬುದು 294 ಆಗಿದೆ. ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿ ಪ್ರಕಟವಾದದ್ದಕ್ಕೆ 1969ರಲ್ಲಿ ದೊರೆತ ರಕ್ಷಣೆ ಅಲ್ಲಿಯೂ ಉಳಿದಿರುವುದು ಸಮಾಧಾನ.

ಕನ್ನಡದಲ್ಲಿ ಈ ವಾದ ಕಾವೇರಿದ್ದು 1950ರ ಆಚೀಚೆ, ಅ.ನ.ಕೃ. ಅವರ ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಬಂದಾಗ. ವೇಶ್ಯಾಜೀವನವನ್ನು ಕುರಿತ ಈ ಮೂರೂ ಅಶ್ಲೀಲವೆಂದು ಗುಲ್ಲಾಯಿತು. ಅ.ನ.ಕೃ. ಸುಮ್ಮನಿರುವವರಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅವರ ಧೈರ್ಯಕ್ಕೆ ಕನ್ನಡ ಋಣಿ. ಆದರೂ ಈ ಬಗೆಯ ಸಮರ್ಥನೆಗಳಲ್ಲೆಲ್ಲ ಒಂದು ತೊಡಕಿದೆ, ಅದನ್ನು ಹೇಳಬೇಕು. ವಿಝಟೆಲಿಯ ಪರವಾದಿಗಳು ಝೋಲಾ ನೀತಿಬೋಧಕ, ಪಾಪದ ಭೀಕರತೆಯನ್ನು ತೋರಿಸಿ ಎಚ್ಚರಿಸುತ್ತಾನೆ ಎಂದರು. ನಮ್ಮವರು, ಇದು ಸಮಾಜದ ಹುಣ್ಣು, ಬಿಚ್ಚಿ ತೋರಿಸದೆ ಮದ್ದಿಲ್ಲ ಎಂದರು. ಹೀಗೆನ್ನುವುದರಿಂದ ಕಾದಂಬರಿಗೆ ಇರುವ ಹಕ್ಕು ಅದು ಮಾಡುವ ಉಪಕಾರದ ಮೇಲೆ ನಿಂತಂತಾಯಿತು. ಪುಸ್ತಕದಿಂದ ಸಮಾಜಕ್ಕೆ ಲಾಭವೇ ನಷ್ಟವೇ ಎಂಬ ಖತಾವಣಿ ಬರೆಯಲು ಕುಳಿತವನು ಜ್ಯೂರಿ. ಅವನ ಪಕ್ಕದಲ್ಲಿಯೇ ನಾವೂ ಹೋಗಿ ಕುಳಿತೆವು. ಅ.ನ.ಕೃ. ಅವರ ಆ ಕಾದಂಬರಿಗಳಲ್ಲಿ ಕೊರತೆಯೆನಿಸುವುದು ಅಶ್ಲೀಲತೆಯಲ್ಲ, ಉಪನ್ಯಾಸ. ಹೆಣ್ಣು ಮಾತನಾಡಬೇಕಾದಲ್ಲಿ ಸಮಾಜ ಸುಧಾರಕ ಮಾತನಾಡುತ್ತಾನೆ. ಆಕ್ಷೇಪಣೆ ಬಂದೀತೆಂಬ ಅರಿವಿನಿಂದಲೇ ಆ ಉಪನ್ಯಾಸ ಅಷ್ಟು ಉದ್ದವಾಯಿತೋ ಏನೋ. ಹಾಗಿದ್ದರೆ ಕತ್ತರಿಯಿಲ್ಲದೆಯೂ ಕತ್ತರಿ ಕೆಲಸ ಮಾಡಿತು.

ನಮ್ಮ ಹಿಂದಿನವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿದ್ದರು. ‘ಕುಮಾರಸಂಭವ’ದಲ್ಲಿ ಕಾಳಿದಾಸ ಶಿವಪಾರ್ವತಿಯರ ಸಂಭೋಗವನ್ನು ವರ್ಣಿಸಿದ್ದು ಸರಿಯೇ ಎಂಬ ಮಾತು ‘ಧ್ವನ್ಯಾಲೋಕ’ದಲ್ಲಿ ಬರುತ್ತದೆ. ಜಗತ್ತಿನ ತಂದೆತಾಯಿಗಳನ್ನು ಹಾಗೆ ಚಿತ್ರಿಸುವುದು ಅನೌಚಿತ್ಯವೆಂದೇ ಆನಂದವರ್ಧನನ ಮತ. ಆದರೆ ಕವಿಯ ಶಕ್ತಿ ಆ ದೋಷವನ್ನು ಮುಚ್ಚಿಬಿಡುತ್ತದೆ ಎಂದೂ ಅವನು ಸೇರಿಸುತ್ತಾನೆ. ಎಂಥ ಮಾತು! ಓದುಗ ಕೆಟ್ಟಾನೆಂಬ ಚಿಂತೆ ಇಲ್ಲಿ ಇಲ್ಲವೇ ಇಲ್ಲ. ಕೃತಿ ಗೆದ್ದಿತೇ ಸೋತಿತೇ ಎಂಬುದಷ್ಟೇ ವಿಚಾರ. ಈ ಅಳತೆಯಿಂದ ನೋಡಿದರೆ ‘ಭೂಮಿ’ಯ ಹೋರಿಯ ಪ್ರಕರಣ ಗೆದ್ದಿದೆ, ಅಕ್ಕತಂಗಿಯರ ಪ್ರಕರಣ ಪೂರ್ತಿ ಗೆದ್ದಿಲ್ಲ. ವಿಮರ್ಶಕ ಹೇಳಬೇಕಾದದ್ದು ಇಷ್ಟನ್ನು.

ಜನ್ನನನ್ನೇ ತೆಗೆದುಕೊಳ್ಳಿ. 1209ರಲ್ಲಿ ಮುಗಿದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿ ರಾಣಿ. ಗಂಡ ಚೆಲುವ, ಅನುರಕ್ತ. ಬೆಳಗಿನ ಜಾವದಲ್ಲಿ ಕೇಳಿಬಂದ ಒಂದು ಹಾಡಿಗೆ ಅವಳ ಮನಸ್ಸು ಸೋಲುತ್ತದೆ. ಹಾಡಿದವನು ಕುರೂಪಿಯಾದ ಮಾವುತ ಅಷ್ಟಾವಂಕ. ಅವನಿಂದ ಒದೆ ತಿಂದೂ ಅವನ ಬಳಿಗೇ ಹೋಗುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಫ್ಲೋಬೇರನ ಎಮ್ಮಾ ಬೊವಾರಿ ಕಾದಂಬರಿಗಳನ್ನು ಓದಿ ಕೆಟ್ಟಳು, ಅಮೃತಮತಿ ಹಾಡು ಕೇಳಿ ಕೆಟ್ಟಳು. ಎಮ್ಮಾ ವಿಷವನ್ನು ತಾನೇ ತಿಂದಳು, ಇವಳು ತಿನ್ನಿಸಿದಳು. ಜನ್ನ ಜಿನಭಕ್ತ. ಅಹಿಂಸೆಯ ಮಹಿಮೆಯನ್ನು ಹೇಳಲು ಹೊರಟವನು. ಅವಳಿಗೆ ಕುಷ್ಠವನ್ನೂ ನರಕವನ್ನೂ ತಪ್ಪದೆ ಕೊಟ್ಟಿದ್ದಾನೆ. ಆದರೆ ಇರುಳಿನಲ್ಲಿ ಅವಳು ಎದ್ದು ಹೋಗುವ ಭಾಗವನ್ನು ಬರೆಯುವಾಗ ಅವನ ಕೈ ನಡುಗಿಲ್ಲ. ತರಗತಿಯಲ್ಲಿ ಈ ಕಾವ್ಯವನ್ನು ಹೇಳುವಾಗ ಹುಡುಗಿಯರ ಕೆನ್ನೆ ಕೆಂಪಾದದ್ದನ್ನು ನಾನು ಕಂಡಿಲ್ಲ. ಅಷ್ಟಾವಂಕನಲ್ಲಿ ಅವಳು ಏನು ಕಂಡಳು ಎಂದು ಅವರು ಕೇಳುವುದುಂಟು. ಕೆನ್ನೆ ಕೆಂಪಾಗುವುದು ಪಠ್ಯಪುಸ್ತಕವನ್ನು ಸಿದ್ಧಪಡಿಸುವ ಹಿರಿಯರದು. ಕಾವ್ಯಗಳ ‘ಸಂಗ್ರಹ’ಗಳಲ್ಲಿ ಎಲ್ಲಿ ಪದ್ಯಗಳ ಸಂಖ್ಯೆ ಹಾರುತ್ತದೆಯೋ ಅಲ್ಲಿ ನಮ್ಮ ಮ್ಯೂಡಿ ಕುಳಿತಿದ್ದಾನೆಂದು ತಿಳಿಯಬೇಕು.

‘ಲಾ ತೆರ್’ ಇಂಗ್ಲಿಷಿನಲ್ಲಿ ಮತ್ತೆ ತಲೆಯೆತ್ತಿದೆ. ಆನ್ ಲಿಂಡ್ಸೆಯ ಅನುವಾದ 1954ರಲ್ಲಿ, ಡಗ್ಲಸ್ ಪಾರ್ಮೆಯ ಅನುವಾದ ಪೆಂಗ್ವಿನ್ ಮಾಲೆಯಲ್ಲಿ 1980ರಲ್ಲಿ ಬಂದುವು. ಕನ್ನಡಕ್ಕೆ ತರುವವರು ಆದರೆ ಮೂಲದಿಂದಲೇ ತರಬೇಕು. ಆಗದಿದ್ದರೆ ಈ ಹೊಸ ಅನುವಾದಗಳನ್ನಾದರೂ ಎದುರಿಗಿಟ್ಟುಕೊಳ್ಳಬೇಕು, ವಿಝಟೆಲಿಗಳ ಮನೆಯದನ್ನಲ್ಲ. ಹಳೆಯ ಇಂಗ್ಲಿಷ್ ಅನುವಾದಗಳಿಗೆ ಕಾಪಿರೈಟಿನ ತೊಂದರೆಯಿಲ್ಲ, ಎಲ್ಲೆಡೆ ಪುಕ್ಕಟೆ ಸಿಗುತ್ತವೆ. ಸೋಸಿದ ಝೋಲಾ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುವುದು ಹೀಗೆಯೇ.

ಭಾಷೆಯ ಬಗ್ಗೆ ಒಂದು ಮಾತು. ಇಂಥ ಕಾದಂಬರಿಗೆ ಗ್ರಂಥಸ್ಥ ಕನ್ನಡ ಸಾಲದು. ಬೆದೆ, ಹೋರಿ, ಗಬ್ಬ, ಸೂಲು ಎಂಬ ಮಾತುಗಳಿಗೆ ನಮ್ಮ ಹಳ್ಳಿಗಳಲ್ಲಿ ಯಾವ ನಾಚಿಕೆಯೂ ಅಂಟಿಲ್ಲ. ಅವುಗಳನ್ನು ಸಂಸ್ಕೃತಕ್ಕೆ ತಿರುಗಿಸಿದೊಡನೆ ಅಶ್ಲೀಲವಾಗುತ್ತವೆ. ರಾವಬಹಾದ್ದೂರರು 1957ರಲ್ಲಿ ‘ಗ್ರಾಮಾಯಣ’ವನ್ನು ಬರೆದು ಪಾದಳ್ಳಿ ಎಂಬ ಒಂದು ಊರು ದ್ವೇಷ, ಕಾಮ, ರಾಜಕಾರಣಗಳಲ್ಲಿ ಬೇಯುವ ಕತೆಯನ್ನು ಈ ಸೀಮೆಯ ಮಾತಿನಲ್ಲಿ ಹೇಳಬಹುದೆಂದು ತೋರಿಸಿಕೊಟ್ಟಿದ್ದಾರೆ. ಆ ಮಾತು ಅನುವಾದಕನಿಗೆ ಸಿದ್ಧವಾಗಿದೆ. ಅವನು ಹೋರಿಯ ಪ್ರಕರಣದಿಂದ ಆರಂಭಿಸಬೇಕಾಗಿಲ್ಲ. ಅದರ ಮುಂದಿನ ಅಧ್ಯಾಯದಲ್ಲಿ ಫುವಾನ್ ಮುದುಕ ದಸ್ತೈವಜು ಬರೆಯುವ ನೋಟರಿಯ ಎದುರು ಕುಳಿತು, ಹೊಲ ಬಿಟ್ಟುಕೊಟ್ಟದ್ದಕ್ಕೆ ತನಗೂ ಮುದುಕಿಗೂ ವರ್ಷಕ್ಕೆ ಎಷ್ಟು ಹಣ ಕೊಡಬೇಕೆಂದು ಹೆತ್ತ ಮಕ್ಕಳೊಡನೆ ಚೌಕಾಸಿ ಮಾಡುತ್ತಾನೆ. ಮಕ್ಕಳು ಅವನು ತಿನ್ನುವ ರೊಟ್ಟಿಯನ್ನೂ ಕುಡಿಯುವ ದ್ರಾಕ್ಷಾರಸವನ್ನೂ ಎಣಿಸಿ ಎಣಿಸಿ ಕಡಿಮೆ ಮಾಡುತ್ತಾರೆ. ಆ ಹತ್ತು ಪುಟಗಳನ್ನು ಸಿಂದಗಿಯ ಸಬ್‌ರಜಿಸ್ಟ್ರಾರರ ಕಚೇರಿಯ ಕಟ್ಟೆಯ ಮೇಲೆ ಒಂದು ದಿನ ಕುಳಿತು ಕಿವಿಗೊಟ್ಟವನು ಅನುವಾದಿಸಲಿ.